ಆಸ್ಪತ್ರೆಯ ಕಂಪ್ಯೂಟರ್‌ಗಳಿಗೆ ಬೀಗ ಬಿದ್ದರೆ ಸರ್ಕಾರ ಏನು ಮಾಡುತ್ತದೆ?

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೊರಗುತ್ತಿಗೆ ಮೇಲೆ ಡೇಟಾ ಎಂಟ್ರಿ ಆಪರೇಟರ್ ಆಗಿದ್ದೇನೆ. ಒಪಿಡಿ ಚೀಟಿ, ಲ್ಯಾಬ್ ವರದಿ, ಔಷಧ ದಾಸ್ತಾನು ಎಲ್ಲವೂ ಈಗ ಕಂಪ್ಯೂಟರಿನಲ್ಲೇ. ನನ್ನ ಪರಿಚಯದವರ ಕಚೇರಿಯೊಂದರಲ್ಲಿ ಕಳೆದ ವರ್ಷ ಕಡತಗಳೆಲ್ಲ ಲಾಕ್ ಆಗಿ, ಹಣ ಕೇಳುವ ಸಂದೇಶ ಪರದೆಯ ಮೇಲೆ ಬಂದಾಗ, ಮೇಲಿನವರು ‘ಯಾರಿಗೂ ಹೇಳಬೇಡಿ, ಫಾರ್ಮ್ಯಾಟ್ ಹೊಡೆಸಿಬಿಡಿ’ ಎಂದರಂತೆ. ದೊಡ್ಡ ಆಸ್ಪತ್ರೆ, ವಿದ್ಯುತ್ ಕಂಪನಿ, ಬ್ಯಾಂಕುಗಳ ಮೇಲೆ ಇಂಥ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಸರ್ಕಾರಗಳು ನಿಜಕ್ಕೂ ಏನು ಮಾಡುತ್ತವೆ? ಹಣ ಕೊಡುತ್ತವೆಯೇ? ಹಣ ಕೊಡುವುದನ್ನೇ ನಿಷೇಧಿಸಿದರೆ ಆಗದೇ? ನಮ್ಮಂಥ ಕಡೆ ಆದರೆ ಮೊದಲು ಯಾರಿಗೆ ತಿಳಿಸಬೇಕು? ನನ್ನಂಥ ಹೊರಗುತ್ತಿಗೆ ನೌಕರ ತಿಳಿಸಬಹುದೇ?

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗಳೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದವು, ಆದರೆ ಮೊದಲಿನವನ್ನು ವಿವರಿಸದೆ ಅವಕ್ಕೆ ಸರಿಯಾದ ಉತ್ತರ ಕೊಡಲಾಗುವುದಿಲ್ಲ. ಇಂಥ ದಾಳಿಯಾದಾಗ ಸರ್ಕಾರಗಳು ಮಾಡುವ ಕೆಲಸಗಳಲ್ಲಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಕಾಣುವುದು ‘ಒಂದು ರೂಪಾಯಿಯನ್ನೂ ಕೊಡುವುದಿಲ್ಲ’ ಎಂಬ ಹೇಳಿಕೆ. ಆ ಮಾತನ್ನು ಉಳಿಸಿಕೊಳ್ಳಲು ಆಗುತ್ತದೆಯೇ ಎಂಬುದು ಮಾತ್ರ ದಾಳಿಯ ದಿನ ಸಚಿವರ ಕೊಠಡಿಯಲ್ಲಿ ತೀರ್ಮಾನವಾಗುವ ಸಂಗತಿಯಲ್ಲ. ಹಿಂದಿನ ವರ್ಷ ಬ್ಯಾಕಪ್‌ಗೆ ಅನುದಾನ ಕೊಟ್ಟಿದ್ದರೇ, ಒಂದು ವಿಭಾಗದ ಕಂಪ್ಯೂಟರ್‌ಗಳನ್ನು ಇನ್ನೊಂದು ವಿಭಾಗದವುಗಳಿಂದ ಬೇರ್ಪಡಿಸಿದ್ದರೇ, ಕಂಪ್ಯೂಟರ್ ಇಲ್ಲದೆ ಕೆಲಸ ನಡೆಸುವ ರೂಢಿ ಸಿಬ್ಬಂದಿಗೆ ಉಳಿದಿತ್ತೇ, ಮೊದಲು ಅನುಮಾನ ಬಂದವರು ಬಾಯಿಬಿಟ್ಟರೇ ಎಂಬುದರ ಮೇಲೆ ಅದು ನಿಂತಿರುತ್ತದೆ.

ದಾಳಿಯ ಬಗೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪರದೆಯ ಮೇಲೆ ಸಂದೇಶ ಕಾಣಿಸಿಕೊಂಡ ದಿನವೇ ಕಳ್ಳರು ಒಳಬಂದರು ಎಂದು ಭಾವಿಸಬಾರದು. ಇಮೇಲಿನ ಲಗತ್ತು, ಕದ್ದ ಪಾಸ್‌ವರ್ಡ್, ಕಾಲಕಾಲಕ್ಕೆ ಅಪ್‌ಡೇಟ್ ಆಗದ ತಂತ್ರಾಂಶ, ಇವುಗಳಲ್ಲಿ ಯಾವುದೋ ಒಂದರ ಮೂಲಕ ಎಷ್ಟೋ ದಿನ ಮುಂಚೆಯೇ ನುಸುಳಿ, ಯಾವ ಸರ್ವರ್ ಎಲ್ಲಿದೆ, ಬ್ಯಾಕಪ್ ಎಲ್ಲಿಗೆ ಹೋಗುತ್ತದೆ, ಅಡ್ಮಿನ್ ಖಾತೆ ಯಾರ ಕೈಯಲ್ಲಿದೆ ಎಂದೆಲ್ಲ ನೋಡಿಕೊಂಡು, ಮಾಹಿತಿಯ ಒಂದು ಪ್ರತಿಯನ್ನು ಹೊರಗೆ ಸಾಗಿಸಿ, ಕೈಗೆಟುಕುವ ಬ್ಯಾಕಪ್‌ಗಳನ್ನು ಅಳಿಸಿ, ಆಮೇಲಷ್ಟೇ ಕಡತಗಳನ್ನು ಎನ್‌ಕ್ರಿಪ್ಟ್ ಮಾಡುತ್ತಾರೆ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಬೀಗ ಹಾಕುತ್ತಾರೆ. ಹಾಗಾಗಿ ಬೆದರಿಕೆಯೂ ಎರಡು ಬಗೆಯದು. ಬೀಗ ತೆಗೆಯುವ ಕೀಲಿಗೆ ಹಣ ಕೊಡಿ ಎಂಬುದು ಒಂದಾದರೆ, ಕೊಡದಿದ್ದರೆ ಕದ್ದ ಮಾಹಿತಿಯನ್ನು ಬಹಿರಂಗಪಡಿಸುತ್ತೇವೆ ಎಂಬುದು ಇನ್ನೊಂದು. ಬ್ಯಾಕಪ್ ಇದ್ದರೆ ಮೊದಲನೆಯದಕ್ಕೆ ಹೆದರಬೇಕಾಗಿಲ್ಲ. ಎರಡನೆಯದಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ಆಸ್ಪತ್ರೆಗಳ ಮಟ್ಟಿಗೆ ವಿವರವಾಗಿ ದಾಖಲಾಗಿರುವ ಪ್ರಕರಣವೆಂದರೆ ಐರ್ಲೆಂಡಿನದು. ಆ ದೇಶದ ಸಾರ್ವಜನಿಕ ಆರೋಗ್ಯ ಸೇವೆಯನ್ನು ನಡೆಸುವ ಎಚ್‌ಎಸ್‌ಇ ಸಂಸ್ಥೆಯ ಕಂಪ್ಯೂಟರ್‌ಗಳಿಗೆ ‘ಕಾಂಟಿ’ ಎಂಬ ಗುಂಪು 2021ರ ಮೇ 14ರ ನಸುಕಿನಲ್ಲಿ ಬೀಗ ಹಾಕಿತು. ಒಳಬಂದದ್ದು ಮಾತ್ರ ಸುಮಾರು ಎರಡು ತಿಂಗಳ ಹಿಂದೆ. ಮಾರ್ಚ್ 18ರಂದು ಒಂದು ಕಂಪ್ಯೂಟರಿನಲ್ಲಿ ಇಮೇಲ್ ಜೊತೆ ಬಂದ ಎಕ್ಸೆಲ್ ಕಡತವೊಂದನ್ನು ಯಾರೋ ತೆರೆದರು. ಮಾರ್ಚ್ 31ರಂದು ಅದೇ ಕಂಪ್ಯೂಟರಿನ ಆಂಟಿವೈರಸ್ ದಾಳಿಕೋರರ ಉಪಕರಣಗಳನ್ನು ಗುರುತಿಸಿತು ಕೂಡ. ಆದರೆ ಅದನ್ನು ಕಂಡದ್ದನ್ನು ದಾಖಲಿಸುವಂತೆ ಮಾತ್ರ ಹೊಂದಿಸಿದ್ದರು, ತಡೆಯುವಂತೆ ಹೊಂದಿಸಿರಲಿಲ್ಲ. ಆಂಟಿವೈರಸ್ ತನ್ನ ಕೆಲಸ ಮಾಡಿತು, ದಾಖಲೆ ಉಳಿಯಿತು, ಮುಂದಿನ ಕ್ರಮ ಆಗಲಿಲ್ಲ. ಬೇರೆ ಬೇರೆ ಕಚೇರಿಗಳ ಭದ್ರತಾ ದಾಖಲೆಗಳನ್ನು ನೋಡುವ ಕೆಲಸದಲ್ಲಿರುವ ನನ್ನಂಥವರಿಗೆ ಈ ಒಂದು ಸಾಲು ಓದಿದಾಗ ಆಶ್ಚರ್ಯವಾಗುವುದಿಲ್ಲ ಎಂಬುದೇ ಬೇಸರದ ಸಂಗತಿ.

ದಾಳಿ ಗೊತ್ತಾದ ಬೆಳಿಗ್ಗೆ ಎಚ್‌ಎಸ್‌ಇ ತನ್ನ ಇಡೀ ಜಾಲವನ್ನು ತಾನೇ ಬಂದ್ ಮಾಡಿತು. ಅದು ಸರಿಯಾದ ನಿರ್ಧಾರ, ಆದರೆ ಅದರ ಜೊತೆಯಲ್ಲೇ ಇಮೇಲೂ ನಿಂತುಹೋಯಿತು. ಅಧಿಕಾರಿಗಳು ತಮ್ಮ ಸ್ವಂತ ಮೊಬೈಲುಗಳಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳಬೇಕಾಯಿತು, ಆಸ್ಪತ್ರೆಗಳು ಪೆನ್ನು ಕಾಗದಕ್ಕೆ ಮರಳಿದವು, ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರನ್ನು ಖಾಸಗಿ ಆಸ್ಪತ್ರೆಗಳಿಗೆ ಕಳಿಸಲಾಯಿತು. ಸರ್ಕಾರ ಹಣ ಕೊಡುವುದಿಲ್ಲವೆಂದು ಮೊದಲೇ ಘೋಷಿಸಿತು, ಕಂಪ್ಯೂಟರ್‌ಗಳನ್ನು ಮತ್ತೆ ಸಿದ್ಧಪಡಿಸುವ ಕೆಲಸಕ್ಕೆ ಸೇನೆಯ ಸಿಬ್ಬಂದಿಯನ್ನೂ ಇಳಿಸಿತು, ಕದ್ದ ಮಾಹಿತಿಯನ್ನು ಯಾರೂ ಪ್ರಕಟಿಸಬಾರದು, ಹಂಚಬಾರದು ಎಂದು ಅಲ್ಲಿನ ಹೈಕೋರ್ಟ್‌ನಿಂದ ತಡೆಯಾಜ್ಞೆ ಪಡೆಯಲಾಯಿತು. ಕಳ್ಳರು ನ್ಯಾಯಾಲಯದ ಆಜ್ಞೆಗೆ ತಲೆಬಾಗುತ್ತಾರೆಯೇ ಎಂದು ನಗಬೇಡಿ. ಆ ಆಜ್ಞೆ ಮಾಹಿತಿಯನ್ನು ತಮ್ಮ ತಾಣಗಳಲ್ಲಿ ಇಟ್ಟುಕೊಳ್ಳಬಹುದಾದ ಕಂಪನಿಗಳನ್ನು ಕಟ್ಟಿಹಾಕಲು ಬಂದದ್ದು, ಆ ಮಟ್ಟಿಗೆ ಅದು ಜಾಣತನದ ಕ್ರಮ.

ಮುಂದೆ ನಡೆದದ್ದನ್ನು ಹಲವರು ಅರ್ಧ ಮಾತ್ರ ಹೇಳುತ್ತಾರೆ. ಮೇ 20ರಂದು ದಾಳಿಕೋರರು ತಾವಾಗಿಯೇ, ಹಣ ಪಡೆಯದೆ, ಕೀಲಿಯನ್ನು ಕೊಟ್ಟರು. ಕೀಲಿ ಕೈಗೆ ಬಂದ ಮೇಲೂ ಎಲ್ಲ ಸರ್ವರ್‌ಗಳನ್ನು ಸರಿಪಡಿಸಿ ಮುಗಿಸುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ಎಚ್‌ಎಸ್‌ಇ ಮಂಡಳಿಯೇ ಮಾಡಿಸಿ ಅದೇ ಡಿಸೆಂಬರಿನಲ್ಲಿ ಪ್ರಕಟಿಸಿದ ಸ್ವತಂತ್ರ ಪರಿಶೀಲನಾ ವರದಿ, ಕೀಲಿ ಸಿಗದೇ ಹೋಗಿದ್ದರೆ ಚೇತರಿಕೆಗೆ ಇನ್ನೂ ಬಹಳ ಕಾಲ ಹಿಡಿಯುತ್ತಿತ್ತು ಎಂಬುದನ್ನು ಮುಚ್ಚಿಡದೆ ಹೇಳಿತು. ಹಣ ಕೊಡದಿರುವ ನಿಲುವನ್ನು ನಾನೂ ಒಪ್ಪುತ್ತೇನೆ. ಆದರೆ ಐರ್ಲೆಂಡ್ ಗೆದ್ದದ್ದು ಸಿದ್ಧತೆಯಿಂದಲ್ಲ, ಅದೃಷ್ಟದಿಂದ; ಅದನ್ನು ಮಾದರಿ ಎಂದು ಹೊಗಳುವವರು ಈ ಭಾಗವನ್ನು ಬಿಟ್ಟುಬಿಡಬಾರದು.

ನಮ್ಮ ದೇಶದ ದೆಹಲಿ ಏಮ್ಸ್ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2022ರ ನವೆಂಬರ್ 23ರ ಬೆಳಿಗ್ಗೆ ಅಲ್ಲಿನ ಇ-ಹಾಸ್ಪಿಟಲ್ ವ್ಯವಸ್ಥೆ ನಿಂತಿತು. ನೋಂದಣಿ, ದಾಖಲಾತಿ, ಲ್ಯಾಬ್ ವರದಿ ಎಲ್ಲವೂ ಸುಮಾರು ಎರಡು ವಾರ ಕೈಬರಹದಲ್ಲಿ ನಡೆದವು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿ ಎನ್‌ಕ್ರಿಪ್ಟ್ ಆಗಿತ್ತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಜಾಲವನ್ನು ಸರಿಯಾಗಿ ವಿಭಾಗಿಸದೇ ಇದ್ದದ್ದು ಕಾರಣ ಎಂದೂ ಹೇಳಿತು. ಅಂದರೆ ಒಂದು ಕೋಣೆಗೆ ನುಗ್ಗಿದವರಿಗೆ ಉಳಿದ ಕೋಣೆಗಳ ಬಾಗಿಲೂ ತೆರೆದೇ ಇತ್ತು. ದೆಹಲಿ ಪೊಲೀಸರು ಸುಲಿಗೆಯ ಜೊತೆಗೆ ಸೈಬರ್ ಭಯೋತ್ಪಾದನೆಯ ಆರೋಪದಡಿಯೂ ಪ್ರಕರಣ ದಾಖಲಿಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎಫ್ ಸೆಕ್ಷನ್ನಿನಲ್ಲಿ ಅದಕ್ಕೆ ಜೀವಾವಧಿ ಶಿಕ್ಷೆಯವರೆಗೆ ಅವಕಾಶವಿದೆ. ಸೈಬರ್ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸಂಸ್ಥೆ ಸರ್ಟ್-ಇನ್, ರಾಷ್ಟ್ರೀಯ ತನಿಖಾ ಸಂಸ್ಥೆ, ಸರ್ಕಾರಿ ಕಂಪ್ಯೂಟರ್ ಸೇವೆ ನೋಡಿಕೊಳ್ಳುವ ಎನ್‌ಐಸಿ ಎಲ್ಲವೂ ಅಲ್ಲಿಗೆ ಬಂದವು. ಇಷ್ಟೆಲ್ಲದರ ನಡುವೆ ಆಸ್ಪತ್ರೆಯನ್ನು ಉಳಿಸಿದ್ದು ದಾಳಿಗೆ ಸಿಕ್ಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್. ಇ-ಹಾಸ್ಪಿಟಲ್ ಮಾಹಿತಿಯನ್ನು ಅದರಿಂದಲೇ ತೆಗೆದು ಹೊಸ ಸರ್ವರ್‌ಗಳಿಗೆ ತುಂಬಿದರು. ಆ ಯಂತ್ರವೂ ಅದೇ ಜಾಲಕ್ಕೆ ಸಿಕ್ಕಿಕೊಂಡಿದ್ದರೆ ‘ಹಣ ಕೊಡುವುದಿಲ್ಲ’ ಎಂಬ ಮಾತಿಗೆ ಎಷ್ಟು ದಿನ ಆಯುಸ್ಸು ಇರುತ್ತಿತ್ತು ಎಂಬುದನ್ನು ನೀವೇ ಊಹಿಸಿ.

ಸರ್ಕಾರದ ಪ್ರತಿಕ್ರಿಯೆ ಎಂದರೆ ಕಂಪ್ಯೂಟರ್ ತಜ್ಞರ ಕೆಲಸ ಮಾತ್ರ ಎಂದು ತಿಳಿಯುವುದು ತಪ್ಪು ಎಂಬುದಕ್ಕೆ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಪ್ರಕರಣ ಒಳ್ಳೆಯ ಉದಾಹರಣೆ. 2021ರ ಮೇ 7ರಂದು ‘ಡಾರ್ಕ್‌ಸೈಡ್’ ಗುಂಪು ಆ ಕಂಪನಿಯ ಕಚೇರಿ ಕಂಪ್ಯೂಟರ್‌ಗಳಿಗೆ ಬೀಗ ಹಾಕಿತು. ಒಳಬರಲು ಸಿಕ್ಕ ದಾರಿ, ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರಲು ಬಳಸುವ ಒಂದು ಹಳೆಯ ವಿಪಿಎನ್ ಖಾತೆಯ ಪಾಸ್‌ವರ್ಡ್. ಒಟಿಪಿಯಂಥ ಎರಡನೆಯ ಪರಿಶೀಲನೆ ಅದಕ್ಕೆ ಇರಲಿಲ್ಲ. ಅಮೆರಿಕದ ಪೂರ್ವ ಕರಾವಳಿಯ ಇಂಧನದಲ್ಲಿ ಸುಮಾರು ಶೇ 45ರಷ್ಟನ್ನು ಸಾಗಿಸುವ 5,500 ಮೈಲಿಯ ಕೊಳವೆಮಾರ್ಗವನ್ನು ಕಳ್ಳರು ನಿಲ್ಲಿಸಲಿಲ್ಲ, ದಾಳಿ ಅಲ್ಲಿಗೂ ಹಬ್ಬೀತೆಂಬ ಭಯದಿಂದ ಕಂಪನಿಯೇ ನಿಲ್ಲಿಸಿತು. ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದಾಗ ಕೇಂದ್ರ ಸರ್ಕಾರ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಟ್ಯಾಂಕರ್ ಲಾರಿಗಳ ಚಾಲಕರು ದಿನಕ್ಕೆ ಎಷ್ಟು ಗಂಟೆ ಓಡಿಸಬಹುದು ಎಂಬ ನಿಯಮವನ್ನು 17 ರಾಜ್ಯಗಳಲ್ಲಿ ತಾತ್ಕಾಲಿಕವಾಗಿ ಸಡಿಲಿಸಿದ್ದು. ತಂತ್ರಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಜನಕ್ಕೆ ಬೇಕಾದದ್ದು ಅದೇ. ಕಂಪನಿ 75 ಬಿಟ್‌ಕಾಯಿನ್, ಅಂದಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ತೆತ್ತಿತು. ಅದಕ್ಕೆ ಪ್ರತಿಯಾಗಿ ಸಿಕ್ಕ ಕೀಲಿಯ ತಂತ್ರಾಂಶ ಎಷ್ಟು ನಿಧಾನವಾಗಿತ್ತೆಂದರೆ, ಕಂಪನಿ ತನ್ನದೇ ಬ್ಯಾಕಪ್‌ಗಳಿಂದ ಚೇತರಿಸಿಕೊಳ್ಳಬೇಕಾಯಿತು. ಹಣ ಹೋದ ಸುದ್ದಿಯನ್ನು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಗೆ ಬೇಗ ತಿಳಿಸಿದ್ದರಿಂದ ಅದು ಹಾದುಹೋದ ಜಾಡು ಹಿಡಿಯಲು ಸಾಧ್ಯವಾಗಿ, ಜೂನ್ ಮೊದಲ ವಾರದಲ್ಲಿ 63.7 ಬಿಟ್‌ಕಾಯಿನ್ ವಾಪಸು ಸಿಕ್ಕಿತು. ಅಷ್ಟರಲ್ಲಿ ಬೆಲೆ ಕುಸಿದು ಅದರ ಮೌಲ್ಯ ಸುಮಾರು 23 ಲಕ್ಷ ಡಾಲರ್‌ಗೆ ಇಳಿದಿತ್ತು. ಇಂಧನ ಕೊಳವೆಮಾರ್ಗದ ಕಂಪನಿಗಳು ಸೈಬರ್ ದಾಳಿಯನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂಬ ಆದೇಶ ಬಂದದ್ದು ಈ ದಾಳಿಯಾದ ಮೇಲೆ, ಮೇ ತಿಂಗಳ ಕೊನೆಯಲ್ಲಿ.

ಕೋಸ್ಟರಿಕದಲ್ಲಿ ಮಾತು ಇನ್ನೂ ಮುಂದಕ್ಕೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಹಣಕಾಸು ಸಚಿವಾಲಯದಿಂದ ಆರಂಭವಾಗಿ ಹಲವು ಇಲಾಖೆಗಳಿಗೆ ಕಾಂಟಿ ಗುಂಪು ಬೀಗ ಹಾಕಿತು. ತೆರಿಗೆ, ಸುಂಕ, ಆಮದು ರಫ್ತಿನ ಕಡತ ಎಲ್ಲವೂ ನಿಂತ ಆ ಹೊತ್ತಿನಲ್ಲಿ, ಮೇ 8ರಂದು ಅಧಿಕಾರ ವಹಿಸಿಕೊಂಡ ಅಧ್ಯಕ್ಷ ರೊಡ್ರಿಗೊ ಚಾವೆಸ್ ಅದೇ ದಿನ ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಿಸಿದರು. ರ‍್ಯಾನ್ಸಮ್‌ವೇರ್‌ನಿಂದಾಗಿ ಒಂದು ದೇಶ ಹಾಗೆ ಘೋಷಿಸಿದ್ದು ಅದೇ ಮೊದಲು. ಹಣ ಕೊಡಲಿಲ್ಲ. ಅದೇ ತಿಂಗಳ ಕೊನೆಗೆ ‘ಹೈವ್’ ಎಂಬ ಇನ್ನೊಂದು ಗುಂಪು ಅಲ್ಲಿನ ಆರೋಗ್ಯ ಮತ್ತು ಸಾಮಾಜಿಕ ಭದ್ರತಾ ಸಂಸ್ಥೆಯ ಮೇಲೆ ಬಿತ್ತು.

ಈಗ ನಿಷೇಧದ ಪ್ರಶ್ನೆಗೆ ಬರೋಣ. ಹಣ ಕೊಟ್ಟರೆ ಸಮಸ್ಯೆ ತೀರುತ್ತದೆ ಎಂಬ ನಂಬಿಕೆಗೆ ಆಧಾರ ದಿನೇದಿನೇ ಕಡಿಮೆಯಾಗುತ್ತಿದೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಸಂಸ್ಥೆಯ ಮೇಲೆ ದಾಳಿಯಾಗಿ, ದೇಶದ ಔಷಧ ಅಂಗಡಿಗಳು ಮತ್ತು ಆಸ್ಪತ್ರೆಗಳ ವಿಮಾ ಬಿಲ್ಲುಗಳೇ ನಿಂತುಹೋದವು. ಮಾಲೀಕ ಕಂಪನಿ 2.2 ಕೋಟಿ ಡಾಲರ್ ಕೊಟ್ಟಿತು. ಹಣ ಪಡೆದ ಗುಂಪು ತನ್ನ ಕೂಲಿಗಾರರಿಗೇ ಪಾಲು ಕೊಡದೆ ಕಣ್ಮರೆಯಾಯಿತು. ಕೆಲವೇ ವಾರಗಳಲ್ಲಿ ಅದೇ ಮಾಹಿತಿ ತನ್ನ ಬಳಿ ಇದೆ ಎಂದು ಇನ್ನೊಂದು ಗುಂಪು ಹೊಸದಾಗಿ ಹಣ ಕೇಳಿತು. ಅದೇ ಫೆಬ್ರುವರಿಯಲ್ಲಿ ಬ್ರಿಟನ್ನಿನ ಪೊಲೀಸರ ಮುಂದಾಳತ್ವದಲ್ಲಿ ಹಲವು ದೇಶಗಳು ಸೇರಿ ‘ಲಾಕ್‌ಬಿಟ್’ ಗುಂಪಿನ ಸರ್ವರ್‌ಗಳನ್ನು ವಶಪಡಿಸಿಕೊಂಡಾಗ, ಹಣ ಕೊಟ್ಟು ‘ಅಳಿಸಿದ್ದೇವೆ’ ಎಂಬ ಭರವಸೆ ಪಡೆದವರ ಮಾಹಿತಿಯೂ ಅಲ್ಲೇ ಉಳಿದಿರುವುದು ಕಂಡಿತು. ಮಾಹಿತಿ ಬಹಿರಂಗವಾಗದಿರಲಿ ಎಂದು ಹಣ ಕೊಡುವುದು ಶುದ್ಧ ದಂಡ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ.

ಅಮೆರಿಕದ ನಾರ್ತ್ ಕ್ಯಾರೊಲಿನಾ 2021ರಲ್ಲಿ, ಫ್ಲಾರಿಡಾ 2022ರಲ್ಲಿ ತಮ್ಮ ಸರ್ಕಾರಿ ಸಂಸ್ಥೆಗಳು ಸುಲಿಗೆ ಹಣ ಕೊಡುವುದನ್ನು ಕಾನೂನಿನಿಂದಲೇ ನಿಷೇಧಿಸಿದವು. ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಸಾರ್ವಜನಿಕ ಸಂಸ್ಥೆಗಳಿಗೂ ನಿರ್ಣಾಯಕ ಮೂಲಸೌಕರ್ಯ ನಡೆಸುವವರಿಗೂ ಇಂಥದೇ ನಿಷೇಧ ತರುವುದಾಗಿ ಹೇಳಿತು. ಆಸ್ಟ್ರೇಲಿಯ ನಿಷೇಧಕ್ಕೆ ಹೋಗದೆ, ವಾರ್ಷಿಕ ವಹಿವಾಟು 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿದ ಸಂಸ್ಥೆಗಳು ಹಣ ಕೊಟ್ಟರೆ 72 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಲೇಬೇಕೆಂದು ವಿಧಿಸಿತು. 2025ರ ಮೇ 30ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ ಸುಲಿಗೆ ಹಣ ಕೊಡುವುದನ್ನೇ ಹೆಸರಿಸಿ ನಿಷೇಧಿಸುವ ಪ್ರತ್ಯೇಕ ಸೆಕ್ಷನ್ ಇಲ್ಲ. ಸರ್ಕಾರಿ ಆಸ್ಪತ್ರೆಯ ಮಟ್ಟಿಗೆ ಅದು ಬೇಕಾಗಿಯೂ ಇಲ್ಲವೇನೋ, ಸರ್ಕಾರಿ ಬಿಲ್ಲುಗಳ ತಂತ್ರಾಂಶವಾದ ಖಜಾನೆ-2ರಲ್ಲಿ ಬಿಟ್‌ಕಾಯಿನ್‌ಗೆಂದು ಬಿಲ್ಲು ಬರೆಯಲು ಯಾವ ಲೆಕ್ಕ ಶೀರ್ಷಿಕೆಯೂ ಸಿಗಲಾರದು. ಪ್ರಶ್ನೆ ಏಳುವುದು ಖಾಸಗಿ ಆಸ್ಪತ್ರೆ, ಸಹಕಾರಿ ಬ್ಯಾಂಕು, ಅವಕ್ಕೆ ತಂತ್ರಾಂಶ ಒದಗಿಸುವ ಕಂಪನಿಗಳ ವಿಷಯದಲ್ಲಿ. ನಿಷೇಧ ಬರಲಿ ಎಂಬುದೇ ನನ್ನ ಅಭಿಪ್ರಾಯ, ಆದರೆ ಒಂದು ಷರತ್ತಿದೆ. ಹಣ ಕೊಡಬೇಡಿ ಎನ್ನುವ ಸರ್ಕಾರ, ಕೊಡದೆ ಎದ್ದು ನಿಲ್ಲುವುದಕ್ಕೆ ಬೇಕಾದ ಬ್ಯಾಕಪ್ಪಿಗೂ ಬದಲಿ ಯಂತ್ರಗಳಿಗೂ ತಜ್ಞರ ತಂಡಕ್ಕೂ ಮೊದಲೇ ಹಣ ತೆಗೆದಿಟ್ಟಿರಬೇಕು. ಅದಿಲ್ಲದೆ ನಿಷೇಧ ಮಾತ್ರ ಬಂದರೆ, ಹಣ ಕೊಡುವುದು ನಿಲ್ಲುವುದಿಲ್ಲ, ಗುಟ್ಟಾಗಿ ನಡೆಯುತ್ತದೆ ಅಷ್ಟೆ. ಗುಟ್ಟಾಗಿ ಕೊಟ್ಟವರನ್ನು ಅದೇ ಗುಟ್ಟು ಹಿಡಿದುಕೊಂಡು ಮತ್ತೊಮ್ಮೆ ಸುಲಿಯುತ್ತಾರೆ.

ನಮ್ಮ ದೇಶದ ವ್ಯವಸ್ಥೆ ಹೀಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ, ನಿಂತುಹೋದರೆ ದೇಶದ ಭದ್ರತೆ, ಆರ್ಥಿಕತೆ, ಸಾರ್ವಜನಿಕ ಆರೋಗ್ಯ ಅಥವಾ ಸುರಕ್ಷತೆಗೆ ಭಾರಿ ಪೆಟ್ಟು ಬೀಳುವಂಥ ಕಂಪ್ಯೂಟರ್ ವ್ಯವಸ್ಥೆಯನ್ನು ‘ಸಂರಕ್ಷಿತ ವ್ಯವಸ್ಥೆ’ ಎಂದು ಗೆಜೆಟ್‌ನಲ್ಲಿ ಪ್ರಕಟಿಸಬಹುದು. ಅದಕ್ಕೆ ಅಕ್ರಮವಾಗಿ ಕೈಹಾಕಿದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ. ಇಂಥವುಗಳ ರಕ್ಷಣೆಗೆ 2014ರ ಜನವರಿಯಲ್ಲಿ ಎನ್‌ಸಿಐಐಪಿಸಿ ಎಂಬ ಕೇಂದ್ರ ಸಂಸ್ಥೆಯನ್ನು ಹೆಸರಿಸಲಾಯಿತು. ಘಟನೆಗಳ ನಿರ್ವಹಣೆಗೆ ಸರ್ಟ್-ಇನ್, ಅಪರಾಧದ ತನಿಖೆಗೆ ಪೊಲೀಸರು ಇದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರವು ಒಟ್ಟು ಸಮನ್ವಯದ ಹೊಣೆಯನ್ನು ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯಕ್ಕೆ ವಹಿಸಿತು. ಕರ್ನಾಟಕದಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದು ಜಿಲ್ಲೆಗೊಂದು ಸೆನ್ ಪೊಲೀಸ್ ಠಾಣೆ ಇದೆ, 2025ರಲ್ಲಿ ರಾಜ್ಯಮಟ್ಟದ ಸೈಬರ್ ಕಮಾಂಡ್ ಘಟಕವೂ ಬಂದಿದೆ. ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಗೆಜೆಟ್ಟಿನ ಕಣ್ಣಿಗೆ ನಿರ್ಣಾಯಕವಾದದ್ದು ಬೇರೆ, ಊರಿನ ಜನರಿಗೆ ನಿರ್ಣಾಯಕವಾದದ್ದು ಬೇರೆ. ಶಿರಾದಲ್ಲೋ ಮಧುಗಿರಿಯಲ್ಲೋ ಹೆರಿಗೆಗೆ ಬಂದ ಹೆಣ್ಣುಮಗಳಿಗೆ ತಾಲ್ಲೂಕು ಆಸ್ಪತ್ರೆಗಿಂತ ನಿರ್ಣಾಯಕವಾದ ಮೂಲಸೌಕರ್ಯ ಇನ್ನೊಂದಿಲ್ಲ, ಕಾಯ್ದೆಯ ಪಟ್ಟಿಯಲ್ಲಿ ಮಾತ್ರ ಅದರ ಕಂಪ್ಯೂಟರ್ ಒಂದು ಸಾಮಾನ್ಯ ಕಚೇರಿ ಯಂತ್ರ.

ಬ್ಯಾಂಕುಗಳ ಬಗ್ಗೆ ಕೇಳಿದ್ದೀರಿ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಕಂಪನಿಗೆ ರ‍್ಯಾನ್ಸಮ್‌ವೇರ್ ತಗುಲಿದಾಗ, ಯುಪಿಐ ನಡೆಸುವ ಎನ್‌ಪಿಸಿಐ ಆ ಕಂಪನಿಯನ್ನು ಪಾವತಿ ಜಾಲದಿಂದಲೇ ತಾತ್ಕಾಲಿಕವಾಗಿ ಕಡಿದುಹಾಕಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆ ನಿಂತಿತು. ಪರಿಶೀಲನೆ ಮುಗಿದು ಆಗಸ್ಟ್ 1ರಂದು ಸಂಪರ್ಕ ಮರಳಿತು. ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಅನ್ಯಾಯವಾಯಿತು ಎಂದು ಅನ್ನಿಸಬಹುದು. ಹಬ್ಬುವ ಮುನ್ನ ಕಡಿಯುವುದೇ ಸರಿ, ಐರ್ಲೆಂಡ್ ಮಾಡಿದ್ದೂ ಅದನ್ನೇ. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದು, ದಾಳಿ ಯಾವ ಬ್ಯಾಂಕಿನ ಮೇಲೂ ನೇರವಾಗಿ ಆಗಿರಲಿಲ್ಲ. ನಿಮ್ಮ ಆಸ್ಪತ್ರೆಯ ಲ್ಯಾಬ್ ಯಂತ್ರವನ್ನು ದೂರದಿಂದ ಸರಿಪಡಿಸಲು ಕಂಪನಿಯವರಿಗೆ ಕೊಟ್ಟಿರುವ ಎನಿಡೆಸ್ಕ್ ಪಾಸ್‌ವರ್ಡ್ ಕೂಡ ಇಂಥದೇ ಒಂದು ಬಾಗಿಲು.

ವಿದ್ಯುತ್ತು ಮತ್ತು ನೀರಿನ ವಿಷಯದಲ್ಲಿ ಜನ ಹೆದರುವ ರೀತಿಯೇ ಬೇರೆ. ಬೆಸ್ಕಾಂ ಬಿಲ್ಲಿಂಗ್ ಕಂಪ್ಯೂಟರ್ ಲಾಕ್ ಆದರೆ ಬಿಲ್ಲು ತಡವಾಗುತ್ತದೆ, ದೀಪ ಆರುವುದಿಲ್ಲ. ಕಚೇರಿಯ ಜಾಲವೂ ನಿಯಂತ್ರಣ ವ್ಯವಸ್ಥೆಯ ಜಾಲವೂ ಪ್ರತ್ಯೇಕವಾಗಿರುವವರೆಗೆ ಈ ಮಾತು ನಿಜ. ನಮ್ಮ ಜಿಲ್ಲೆಯ ಪಾವಗಡದ ಸೌರ ಪಾರ್ಕ್ ಒಂದರಲ್ಲೇ 2,050 ಮೆಗಾವ್ಯಾಟ್ ಸಾಮರ್ಥ್ಯವಿದೆ. ಬಿಸಿಲಿನ ಹೊತ್ತಿನಲ್ಲಿ ಅಷ್ಟು ದೊಡ್ಡ ಪ್ರಮಾಣದ ವಿದ್ಯುತ್ ಒಮ್ಮೆಲೇ ಜಾಲದಿಂದ ಬಿದ್ದುಹೋದರೆ ತೊಂದರೆ ಪಾವಗಡದಲ್ಲೇ ನಿಲ್ಲುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರಿನಲ್ಲಿ ವಿದ್ಯುತ್ ಕ್ಷೇತ್ರಕ್ಕೆಂದೇ ಸೈಬರ್ ಭದ್ರತಾ ಮಾರ್ಗಸೂಚಿ ಹೊರಡಿಸಿ, ನಿಯಂತ್ರಣ ವ್ಯವಸ್ಥೆಗಳನ್ನು ಇಂಟರ್ನೆಟ್‌ನಿಂದ ಬೇರೆಯಾಗಿಡಬೇಕೆಂದು ಒತ್ತಿ ಹೇಳಿರುವುದು ಈ ಕಾರಣಕ್ಕೆ. ನೀರಿನ ವಿಷಯದಲ್ಲಿ ನಾನು ಸ್ವಲ್ಪ ಹಳೆಯ ಕಾಲದವನು. ಬುಗುಡನಹಳ್ಳಿಯಿಂದ ತುಮಕೂರಿಗೆ ಬರುವ ನೀರಿನ ಪಂಪು, ವಾಲ್ವುಗಳನ್ನು ಮುಂದೆ ಎಷ್ಟೇ ಸ್ವಯಂಚಾಲಿತ ಮಾಡಿದರೂ, ಯಾವ ವಾಲ್ವು ಎಷ್ಟು ಸುತ್ತು ತಿರುಗಿಸಿದರೆ ಯಾವ ಬಡಾವಣೆಗೆ ನೀರು ಹೋಗುತ್ತದೆ ಎಂದು ಬಲ್ಲ ವಾಲ್ವ್‌ಮನ್‌ಗಳನ್ನೂ ಹಳ್ಳಿಗಳ ನೀರುಗಂಟಿಗಳನ್ನೂ ಕೈಬಿಡಬಾರದು. ಅವರ ಸಂಬಳವನ್ನು ಸೈಬರ್ ಭದ್ರತೆಯ ಖರ್ಚೆಂದೇ ಬರೆದುಕೊಳ್ಳಬಹುದು.

ಇನ್ನು ನಿಮ್ಮ ಆಸ್ಪತ್ರೆಯ ಮಾತು. ಸಂದೇಶ ಕಂಡ ಕೂಡಲೇ ಆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ, ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ತೆಗೆಯಿರಿ. ಸಾಧ್ಯವಾದಷ್ಟು ಯಂತ್ರವನ್ನು ಆಫ್ ಮಾಡಬೇಡಿ, ತನಿಖೆಗೆ ಬೇಕಾದ ಸುಳಿವುಗಳು ಅದರ ಮೆಮೊರಿಯಲ್ಲಿ ಇರುತ್ತವೆ. ಜಾಲದಿಂದ ಬಿಡಿಸಲು ಆಗದೇ ಹೋದರೆ ಮಾತ್ರ ಆಫ್ ಮಾಡಿ. ಪರದೆಯ ಫೋಟೊ ತೆಗೆದುಕೊಂಡು ಗಂಟೆ ಬರೆದಿಡಿ. ಉಳಿದ ಕಂಪ್ಯೂಟರ್‌ಗಳಲ್ಲಿ ಕಡತದ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಸೇರಿಕೊಂಡಿವೆಯೇ ನೋಡಿ. ನಿಮ್ಮ ಒಪಿಡಿ ತಂತ್ರಾಂಶದ ಸರ್ವರ್ ದೂರದ ದತ್ತಾಂಶ ಕೇಂದ್ರದಲ್ಲಿದ್ದರೆ ಅದು ಬಹುಶಃ ಸುರಕ್ಷಿತವಾಗಿರುತ್ತದೆ. ಹೋಗುವುದು ಲ್ಯಾಬಿನ ಕಂಪ್ಯೂಟರಿನಲ್ಲೇ ಉಳಿದಿರುವ ಎಕ್ಸೆಲ್ ಪಟ್ಟಿಗಳು, ಎಕ್ಸ್-ರೇ ಚಿತ್ರಗಳು, ಔಷಧ ಉಗ್ರಾಣದ ಲೆಕ್ಕ. ಅವುಗಳ ಬ್ಯಾಕಪ್ ಇರುವ ಹಾರ್ಡ್ ಡಿಸ್ಕ್ ವರ್ಷವಿಡೀ ಅದೇ ಯಂತ್ರಕ್ಕೆ ಅಂಟಿಕೊಂಡಿದ್ದರೆ ಅದೂ ಜೊತೆಯಲ್ಲೇ ಲಾಕ್ ಆಗುತ್ತದೆ. ವಾರಕ್ಕೊಮ್ಮೆ ಪ್ರತಿ ತೆಗೆದು, ಡಿಸ್ಕ್ ಬಿಡಿಸಿ ಬೀರುವಿನಲ್ಲಿಡುವ ಪದ್ಧತಿಯನ್ನು ಈಗಲೇ ಆರಂಭಿಸಬಹುದು, ಅದಕ್ಕೆ ಯಾರ ಆದೇಶವೂ ಬೇಕಾಗಿಲ್ಲ.

ಫಾರ್ಮ್ಯಾಟ್ ಹೊಡೆಸುವ ಸಲಹೆ ಎಲ್ಲಕ್ಕಿಂತ ಕೆಟ್ಟದ್ದು. ಅದರಿಂದ ಸಾಕ್ಷ್ಯ ಹಾಳಾಗುತ್ತದೆ, ಒಳಬಂದ ದಾರಿ ಹಾಗೇ ಉಳಿಯುತ್ತದೆ, ಲಾಕ್ ಆದ ಕಡತಗಳು ಎಂದಾದರೂ ಮರಳಿ ಸಿಗಬಹುದಾಗಿದ್ದ ಅವಕಾಶವೂ ಹೋಗುತ್ತದೆ. ಎಫ್‌ಬಿಐ ಅಧಿಕಾರಿಗಳು ಹೈವ್ ಗುಂಪಿನ ಜಾಲದೊಳಗೆ ಏಳು ತಿಂಗಳು ಗುಟ್ಟಾಗಿ ಇದ್ದು, 2023ರ ಜನವರಿಯಲ್ಲಿ ಅದನ್ನು ಮುಚ್ಚಿಸುವ ಹೊತ್ತಿಗೆ, ಆಗಷ್ಟೇ ದಾಳಿಗೊಳಗಾದ 300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಕೀಲಿ ಕೊಟ್ಟಿದ್ದರು; ಹಿಂದೆ ದಾಳಿಗೊಳಗಾದವರಿಗೂ ಸಾವಿರಕ್ಕೂ ಹೆಚ್ಚು ಕೀಲಿಗಳನ್ನು ಹಂಚಿದರು. ಲಾಕ್ ಆದ ಕಡತಗಳನ್ನು ಎಸೆಯದೆ ಇಟ್ಟುಕೊಂಡವರಿಗೆ ಮಾತ್ರ ಅವು ಉಪಯೋಗಕ್ಕೆ ಬಂದಿರಬೇಕು. ನೆದರ್ಲೆಂಡ್ಸ್ ಪೊಲೀಸರು ಮತ್ತು ಯೂರೋಪಿನ ಪೊಲೀಸ್ ಸಹಕಾರ ಸಂಸ್ಥೆ ಯೂರೋಪೋಲ್ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಹಲವು ಬಗೆಯ ರ‍್ಯಾನ್ಸಮ್‌ವೇರ್‌ಗಳ ಕೀಲಿ ಉಚಿತವಾಗಿ ಸಿಗುತ್ತದೆ.

ಮುಚ್ಚಿಡುವುದು ಕಾನೂನಿಗೂ ವಿರುದ್ಧ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ಸರ್ಕಾರಿ ಸಂಸ್ಥೆಗಳೂ ಸೇರಿ ಎಲ್ಲರೂ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಲೇಬೇಕು, ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು, ಅಂದರೆ ಅಲ್ಲಿ ನಡೆದ ಚಟುವಟಿಕೆಗಳ ದಾಖಲೆಯನ್ನು, 180 ದಿನ ಉಳಿಸಿಕೊಂಡಿರಬೇಕು. ಎಲ್ಲ ವಿವರ ಸಿಕ್ಕ ಮೇಲೆ ತಿಳಿಸೋಣ ಎಂದು ಕಾಯಬೇಕಾಗಿಲ್ಲ, ಗೊತ್ತಿರುವಷ್ಟನ್ನು ತಿಳಿಸಿ ಉಳಿದದ್ದನ್ನು ಆಮೇಲೆ ಸೇರಿಸಬಹುದು. ಹಾಗಿದ್ದೂ ತಾಲ್ಲೂಕು ಮಟ್ಟದಲ್ಲಿ ಆರು ಗಂಟೆ ಏಕೆ ಆರು ದಿನವಾಗುತ್ತದೆ ಎಂದರೆ, ನಮ್ಮ ಕಚೇರಿಗಳಲ್ಲಿ ಮೊದಲು ಏಳುವ ಪ್ರಶ್ನೆ ‘ಏನಾಯಿತು’ ಎಂಬುದಲ್ಲ, ‘ಯಾರು ಮಾಡಿದರು’ ಎಂಬುದು. ಇಮೇಲ್ ತೆರೆದವರಿಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ, ಹೊರಗುತ್ತಿಗೆಯವರಾದರೆ ನೋಟಿಸ್ ಕೂಡ ಇಲ್ಲದೆ ಮರುದಿನದಿಂದ ಬರಬೇಡಿ ಎನ್ನುತ್ತಾರೆ. ವಿಮಾನಯಾನದಲ್ಲಿ ತಪ್ಪನ್ನು ತಾವಾಗಿ ಒಪ್ಪಿ ವರದಿ ಮಾಡಿದವರಿಗೆ ರಕ್ಷಣೆ ಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ಆರು ಗಂಟೆಯೊಳಗೆ ತಿಳಿಸಿದ ನೌಕರನ ಮೇಲೆ ಶಿಸ್ತುಕ್ರಮ ಇಲ್ಲ ಎಂದು ರಾಜ್ಯ ಸರ್ಕಾರ ಒಂದೇ ಒಂದು ಸುತ್ತೋಲೆ ಹೊರಡಿಸಿದರೆ, ಲಕ್ಷಾಂತರ ರೂಪಾಯಿಯ ಭದ್ರತಾ ತಂತ್ರಾಂಶಕ್ಕಿಂತ ಹೆಚ್ಚಿನ ಲಾಭವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ರಮ ಹೀಗಿರಲಿ. ಮೊದಲು ಆಡಳಿತ ವೈದ್ಯಾಧಿಕಾರಿಗಳಿಗೆ ಬಾಯಿಮಾತಿನಲ್ಲಿ ತಿಳಿಸಿ, ಅದರ ಹಿಂದೆಯೇ ಬರಹದಲ್ಲಿ ಕೊಡಿ. ಅವರ ಮೂಲಕ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಜಿಲ್ಲಾಧಿಕಾರಿ ಕಚೇರಿಯ ಎನ್‌ಐಸಿ ಘಟಕಕ್ಕೂ ವಿಷಯ ಹೋಗಲಿ. ಸರ್ಟ್-ಇನ್‌ಗೆ 1800-11-4949 ಶುಲ್ಕರಹಿತ ಸಂಖ್ಯೆಯಲ್ಲಿ ತಿಳಿಸಬಹುದು, ಅದರ ಜಾಲತಾಣದಲ್ಲಿ ವರದಿಯ ನಮೂನೆಯೂ ಇದೆ. ಎಫ್‌ಐಆರ್ ತುಮಕೂರಿನ ಸೆನ್ ಠಾಣೆಯಲ್ಲಿ ಆಗಬೇಕು. 1930 ಸಹಾಯವಾಣಿ ಮುಖ್ಯವಾಗಿ ಖಾತೆಯಿಂದ ಹಣ ಹೋದ ವಂಚನೆಗಳಿಗೆ, ಇದಕ್ಕೆ ಅದನ್ನೊಂದೇ ನಂಬಿ ಕೂರಬೇಡಿ. ಒಪಿಡಿ ನಿಲ್ಲದಂತೆ ಮುದ್ರಿತ ಚೀಟಿ ಪುಸ್ತಕ, ಲ್ಯಾಬ್ ನಮೂನೆ, ದಾಸ್ತಾನು ರಿಜಿಸ್ಟರ್ ಒಂದು ಕಟ್ಟು ಕೌಂಟರಿನಲ್ಲಿ ಇದ್ದೇ ಇರಲಿ. ತುರ್ತು ರೋಗಿಗಳನ್ನು ಬೇರೆಡೆ ಕಳಿಸಬೇಕಾದರೆ 108ರವರಿಗೆ ಮೊದಲೇ ಹೇಳಿಡಿ. 2017ರಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ದಾಳಿಯಲ್ಲಿ ಇಂಗ್ಲೆಂಡಿನ ಐದು ಕಡೆ ತುರ್ತು ಚಿಕಿತ್ಸಾ ವಿಭಾಗಗಳೇ ಆಂಬುಲೆನ್ಸ್‌ಗಳನ್ನು ಬೇರೆ ಆಸ್ಪತ್ರೆಗಳಿಗೆ ತಿರುಗಿಸಬೇಕಾಯಿತು, ಇಲ್ಲಿ ಹಾಗಾದರೆ ಹೊರೆ ಜಿಲ್ಲಾಸ್ಪತ್ರೆಯ ಮೇಲೆ, ಅಲ್ಲಿಂದ ಬೆಂಗಳೂರಿನ ಮೇಲೆ ಬೀಳುತ್ತದೆ.

ಹೊರಗುತ್ತಿಗೆ ನೌಕರ ತಿಳಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ತಿಳಿಸಬಹುದು. ಕಡ್ಡಾಯ ವರದಿಯ ಹೊಣೆ ಸಂಸ್ಥೆಯದು, ಆದರೆ ಸರ್ಟ್-ಇನ್ ನಿಯಮಗಳು ವ್ಯಕ್ತಿಗಳೂ ವರದಿ ಮಾಡಲು ಅವಕಾಶ ಕೊಡುತ್ತವೆ. ವೈದ್ಯಾಧಿಕಾರಿಗಳಿಗೆ ಕೊಡುವ ಪತ್ರದಲ್ಲಿ ಯಾರನ್ನೂ ದೂರದೆ, ಯಾವ ಯಂತ್ರ, ಎಷ್ಟು ಗಂಟೆಗೆ, ಪರದೆಯ ಮೇಲೆ ಏನಿತ್ತು, ನೀವು ಏನು ಮಾಡಿದಿರಿ ಎಂಬ ನಾಲ್ಕು ಸಂಗತಿಗಳನ್ನಷ್ಟೇ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು, ದಿನಾಂಕದ ಜೊತೆ ಗಂಟೆಯನ್ನೂ ನಮೂದಿಸಿದ ಸ್ವೀಕೃತಿಯ ಮೊಹರನ್ನು ನಿಮ್ಮ ಪ್ರತಿಯ ಮೇಲೆ ಹಾಕಿಸಿಕೊಳ್ಳಿ.